ತವರಿಗೆ ಬಂದ ನೀಲಿ ಬಾಲ

ಸಿಟ್ಟಿನಲ್ಲಿದ್ದಾಗ ಬರೆಯಬಾರದು ಅನ್ನುತ್ತಾರೆ. ಅದಕ್ಕೇ ಒಂದು ಮಳೆಗಾಲ ಪೂರ್ತಿ ಕಾದೆ. ಸಿಟ್ಟು ಇಳಿಯಲಿಲ್ಲ. ಇನ್ನು ಕಾದು ಪ್ರಯೋಜನವಿಲ್ಲ ಅಂತ ಈಗ ಬರೆಯಲು ಕೂತಿದ್ದೇನೆ. ವಿಷಯ ಇಷ್ಟೇ. ನನ್ನ ಗಂಡ ಮದುವೆಯಾದ ಮೇಲೆ ಮೊದಲ ಸಲ ನನ್ನ ತವರಿಗೆ ಒಂದು ಉಡುಗೊರೆ ಕಳಿಸಿದರು. ಸೀರೆಯಲ್ಲ, ಜೇನಲ್ಲ. ನಮ್ಮ ಮನೆಯ ಹಿಂದಿನ ಗುಡ್ಡದ ತರಗೆಲೆಯನ್ನು ಮಣ್ಣಿನ ಸಮೇತ ಕೆರೆಸಿ, ಟಿಪ್ಪರಿಗೆ ತುಂಬಿ ಕಳಿಸಿದರು.

ನಾನು ಹುಟ್ಟಿದ್ದು ಬಯಲಿನಲ್ಲಿ, ಕಡೂರು ಕಡೆಯ ದೇವನೂರು. ತೆಂಗಿನ ತೋಟ, ಅದರಾಚೆ ರಾಗಿ, ಹುರುಳಿಯ ಹೊಲ. ನಮ್ಮಲ್ಲಿ ಬೆಳಗ್ಗೆ ಎದ್ದ ಕೂಡಲೇ ಹೆಣ್ಣುಮಕ್ಕಳ ಕೈಗೆ ಪೊರಕೆ ಬರಬೇಕು. ಅಂಗಳ, ಹಿತ್ತಲು, ಕೊಟ್ಟಿಗೆಯ ಮುಂದೆ, ಬೇಲಿಯವರೆಗೂ ಗುಡಿಸಿ ಒಂದು ಎಲೆಯೂ ಕಾಣದ ಹಾಗೆ ಮಾಡಿದರೆ ಅವಳು ಒಳ್ಳೆಯ ಹುಡುಗಿ. ಲಿಂಗದಹಳ್ಳಿಯಿಂದ ಒಳಗೆ, ಗಿರಿಯ ಬುಡದಲ್ಲಿರುವ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ನನ್ನ ಒಳ್ಳೆಯತನ ತೋರಿಸಲು ಹೋದೆ. ಮನೆಯ ಹಿಂಬದಿಗೇ ಅಂಟಿಕೊಂಡಂತೆ ಒಂದು ಗುಡ್ಡ ಇದೆ. ಹೊನ್ನೆ, ಮತ್ತಿ, ನೇರಳೆ, ಕಾಡುಹಲಸು ಬೆಳೆದಿವೆ, ಅದರ ಮೇಲೆ ಕಾಡು ಶುರು. ಮರದ ಕೆಳಗೆ ಕಾಲಿಟ್ಟರೆ ಪಾದ ಮುಳುಗುವಷ್ಟು ಎಲೆ. ಇಷ್ಟು ಕಸ ಬಿಟ್ಟುಕೊಂಡು ಕೂತಿದ್ದಾರಲ್ಲ ಈ ಜನ ಅಂತ ಸೆರಗು ಸಿಕ್ಕಿಸಿ ಗುಡಿಸಲು ನಿಂತೆ. ಅತ್ತೆ ಓಡಿ ಬಂದು ಕೈಯಿಂದ ಪೊರಕೆ ಕಿತ್ತುಕೊಂಡರು.

"ಮುಂದ್ಗಡೆ ಎಷ್ಟ್ ಬೇಕಾದ್ರೂ ಗುಡ್ಸವ್ವಾ. ಹಿಂದ್ಕೆ ಮಾತ್ರ ಪೊರಕೆ ತಗಂಡ್ ಹೋಗ್ಬೇಡ. ಆ ಎಲೆ ಕೆಳ್ಗೆ ನಮ್ ನೀರೈತೆ."

ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ತೊಟ್ಟಿ. ಅದಕ್ಕೆ ಒರತೆಯ ನೀರು ಬರುತ್ತದೆ, ಅಲ್ಲಿಂದ ಪೈಪಿನಲ್ಲಿ ಅಡುಗೆ ಮನೆಗೆ. ಮೋಟಾರು ಬೇಡ, ಕರೆಂಟು ಬೇಡ. ಕಡು ಬೇಸಿಗೆಯಲ್ಲೂ ಕೊಡ ತುಂಬುತ್ತಿತ್ತು, ತಳದ ಕಲ್ಲು ಕಾಣುವಷ್ಟು ತಿಳಿಯಾಗಿ. ಗುಡ್ಡದ ಮೇಲಿನ ಎಲೆ ಮಳೆಯನ್ನು ಹಿಡಿದಿಟ್ಟು ನಿಧಾನಕ್ಕೆ ಕೆಳಗೆ ಬಿಡುತ್ತದೆ ಅನ್ನುವುದು ಅತ್ತೆಯ ಲೆಕ್ಕ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ನಾನು ಆ ಮಾತು ಮೀರಿಲ್ಲ.

ಗುಡಿಸದೆ ಬಿಟ್ಟ ಆ ಎಲೆಯಲ್ಲೇ ನನಗೆ ಹಾವುರಾಣಿಯ ಪರಿಚಯವಾದದ್ದು. ಬಯಲಿನಲ್ಲೂ ಹಾವುರಾಣಿ ಇದೆ, ದಪ್ಪಗೆ, ಕಂದು ಬಣ್ಣಕ್ಕೆ, ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತದೆ. ಗುಡ್ಡದ್ದು ಬೇರೆಯೇ ಜಾತಿ. ಕಿರುಬೆರಳಿನಷ್ಟು ಸಪೂರ. ತಾಮ್ರದ ಚೆಂಬು ಉಜ್ಜಿಟ್ಟಂತೆ ಹೊಳೆಯುವ ಬೆನ್ನು, ಪಕ್ಕದಲ್ಲಿ ಕಪ್ಪು ಗೆರೆ. ಬಾಲ ಮಾತ್ರ ನೀಲಿ. ಎಂಥಾ ನೀಲಿ ಅಂತೀರಿ! ಪುಟ್ಟ ಕಾಲುಗಳಿದ್ದರೂ ಓಡುವುದಕ್ಕಿಂತ ಹೆಚ್ಚಾಗಿ ಈಜುತ್ತದೆ, ನೀರಿನಲ್ಲಲ್ಲ, ಎಲೆಯಲ್ಲಿ. ಅಕ್ಕಿ ತೊಳೆದ ನೀರು ಚೆಲ್ಲಲು ಹೋದಾಗ ಸರಕ್ ಅನ್ನುವ ಸದ್ದು, ಒಂದು ಮಿಂಚು ನೀಲಿ, ಮಾಯ. ಅದಕ್ಕೆ ಬಿಸಿಲು ಆಗದು, ಬೋಳು ನೆಲ ಆಗದು. ತಂಪು, ತೇವ, ಮೇಲೊಂದು ಎಲೆಯ ಹೊದಿಕೆ, ಇಷ್ಟಿದ್ದರೆ ಅದರ ಪಾಡಿಗೆ ಅದು ಇರುತ್ತದೆ. ಹಾವುರಾಣಿ ನೆಕ್ಕಿದರೂ ಸಾಕು ಮನುಷ್ಯ ನೀರೂ ಕೇಳದೆ ಸಾಯುತ್ತಾನೆ ಅಂತ ನನ್ನ ಅಮ್ಮ ಹೆದರಿಸುತ್ತಿದ್ದಳು. ನನ್ನನ್ನು ಇಷ್ಟು ವರ್ಷದಲ್ಲಿ ಅದು ನೆಕ್ಕಲೂ ಇಲ್ಲ, ಕಚ್ಚಲೂ ಇಲ್ಲ. ಕಚ್ಚಿ ಕಚ್ಚಿ ಇಟ್ಟವರೆಲ್ಲ ಎರಡು ಕಾಲಿನವರು.

ನಮ್ಮ ಎರಡು ಮನೆಗಳ ನಡುವೆ ಕೊಡುಕೊಳ್ಳುವ ಒಂದು ರೂಢಿ ಇತ್ತು. ಬಯಲಿನಿಂದ ತೆಂಗಿನಕಾಯಿ, ಹುರುಳಿ, ಅವರೆ ಬರುತ್ತದೆ. ಗಿರಿಯ ಕಡೆಯಿಂದ ಜೇನು, ಮೆಣಸು, ಅಪ್ಪೆಮಿಡಿ ಹೋಗಬೇಕು. ಬರುವುದು ತಪ್ಪದೆ ಬರುತ್ತಿತ್ತು. ಹೋಗಬೇಕಾದದ್ದು ನಮ್ಮವರ ಸೋಮಾರಿತನದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಕಳೆದ ವರ್ಷ ತಮ್ಮ ಕಳಿಸಿದ ಕಾಯಿಯ ಚೀಲ ಬಿಚ್ಚುವಾಗ ನಾನು ರೇಗಿದೆ. "ಮೂವತ್ತು ವರ್ಷದಿಂದ ತಿಂತಾನೇ ಇದೀವಿ. ಒಂದ್ ಬಾಟ್ಲಿ ಜೇನ್ನಾದ್ರೂ ನನ್ ತವರಿಗೆ ಕಳ್ಸಿದೀರಾ?" ನಮ್ಮವರು ಕಾಯಿ ಎಣಿಸುತ್ತಲೇ ಇದ್ದರು. ಕೇಳಿಸಿತೋ ಇಲ್ಲವೋ ಅಂದುಕೊಂಡು ನಾನು ಮರೆತೆ.

ಯುಗಾದಿ ಮುಗಿದ ಮೇಲೆ ಎಂದಿನಂತೆ ಸಂಡಿಗೆ ಹಾಕಲು ದೇವನೂರಿಗೆ ಹೋಗಿದ್ದೆ. ಬಯಲಿನ ಬಿಸಿಲು ಸಂಡಿಗೆಗೆ ಹೇಳಿ ಮಾಡಿಸಿದ್ದು. ನಾನು, ತಮ್ಮನ ಹೆಂಡತಿ ಇಬ್ಬರೂ ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದೆವು. ಒಂದು ಟಿಪ್ಪರ್ ಬಂದು ತೋಟದ ಬೇಲಿಯ ಹತ್ತಿರ ನಿಂತಿತು. ಅದರ ಹಿಂಭಾಗ ಮೇಲಕ್ಕೆದ್ದು ಏನನ್ನೋ ಧಡಾರನೆ ಸುರಿಯಿತು. ಧೂಳಿನ ಜೊತೆ ಒಂದು ವಾಸನೆ ಬಂತು ನೋಡಿ, ಸಂಡಿಗೆ ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ. ಒದ್ದೆ ಎಲೆ, ಅಣಬೆ, ಕೊಳೆತ ತೊಗಟೆ. ನನ್ನ ಹಿತ್ತಲಿನ ವಾಸನೆ ಅದು. ಕಡೂರಿನ ಬಯಲಿನಲ್ಲಿ ಅದಕ್ಕೇನು ಕೆಲಸ?

ಹೋಗಿ ನೋಡಿದರೆ ಕಪ್ಪು ಮಣ್ಣು, ಹೊನ್ನೆ ಎಲೆ, ಮತ್ತಿ ಎಲೆ, ಬೇರಿನ ಚೂರು. ರಾಶಿಯ ಮೇಲಿಂದ ಒಂದು ಸಣ್ಣದು ಜಾರಿಕೊಂಡು ಬಂದು ಸುಡುವ ಮಣ್ಣಿನ ಮೇಲೆ ನಿಂತಿತು. ಬಾಯಿ ತೆರೆದಿತ್ತು. ಬಾಲ ನೀಲಿ.

"ಅಯ್ಯಯ್ಯೋ, ಹಾವ್ರಾಣಿ!" ತಮ್ಮನ ಹೆಂಡತಿ ಚಪ್ಪಲಿ ಕೈಗೆ ತೆಗೆದುಕೊಂಡಳು. "ಹಿಂದಕ್ಕೆ ಬಾ ಅಕ್ಕಾ, ನೆಕ್ಬಿಟ್ಟಾತು!"

"ಚಪ್ಪಲಿ ಕೆಳಗಿಡೇ," ಅಂದೆ. "ಅದನ್ನ ಹೊಡೆದ್ರೆ ಅದೇ ಚಪ್ಪಲೀಲಿ ನಿಂಗೂ ಬೀಳುತ್ತೆ." ಅವಳು ಕಕ್ಕಾಬಿಕ್ಕಿಯಾಗಿ ನಿಂತಳು. ಇವಳಿಗೇನಾದರೂ ಮೆಟ್ಟಿಕೊಂಡಿತೋ ಅನ್ನುವಂತೆ ನನ್ನ ಮುಖ ನೋಡಿದಳು.

ನಾನು ತಂಬಿಗೆಯಲ್ಲಿ ಒದ್ದೆ ಎಲೆ ತುಂಬಿ ಅದನ್ನು ಮೆಲ್ಲಗೆ ಒಳಗೆ ಬಿಟ್ಟೆ. ಮೇಲೆ ತೆಳ್ಳನೆ ಬಟ್ಟೆ ಕಟ್ಟಿದೆ. ಅಷ್ಟರಲ್ಲಿ ತಮ್ಮ ತೋಟದಿಂದ ಬಂದ.

"ಏನೋ ಇದು?"

"ಭಾವ ಕಳ್ಸಿದ್ದು ಕಣಕ್ಕಾ. ತೆಂಗಿನ ಬುಡಕ್ಕೆ ಒಳ್ಳೇದು, ಕಾಡ್ ಮಣ್ಣು ಅಂದ್ರು. ನಿನ್ನೆ ಬೆಳಗ್ಗೆ ಒಂದ್ ಲೋಡು ತೋಟದ ಆ ತುದೀಗ್ ಬಂತು. ನಿಂಗ್ ಹೇಳ್ಬೇಡ, ಆಶ್ಚರ್ಯ ಆಗ್ಲಿ ಅಂದಿದ್ರು."

ಆಶ್ಚರ್ಯ ಆಯಿತು, ಆಗದೆ ಏನು. ತೋಟದ ಆ ತುದಿಗೆ ಓಡಿದೆ. ನಿನ್ನೆಯ ರಾಶಿ ಒಂದೇ ದಿನದ ಬಿಸಿಲಿಗೆ ಹಪ್ಪಳವಾಗಿತ್ತು. ಕೈ ಹಾಕಿದರೆ ಪುಡಿಪುಡಿ. ಕೆದಕಿದಾಗ ಇನ್ನೆರಡು ಸಿಕ್ಕವು, ಒಣಗಿ ಸೆಟೆದು ದಾರದ ಹಾಗೆ ಆಗಿದ್ದವು. ಅವುಗಳ ನೀಲಿಯೂ ಹೋಗಿ ಬಾಲ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಕೊಳೆತ ಕೊಂಬೆಯ ಸಂದಿಯಲ್ಲಿ ಬಟಾಣಿಗಿಂತ ಚಿಕ್ಕ ಮೊಟ್ಟೆಗಳು, ಸುಕ್ಕುಗಟ್ಟಿದ್ದವು. ಅಳು ಬಂತು. ಅಳುವುದಕ್ಕೆ ನನಗೆ ಇಷ್ಟವಿಲ್ಲ, ಆದ್ದರಿಂದ ತಮ್ಮನ ಮೇಲೆ ಕೂಗಾಡಿದೆ.

"ನಿಂಗ್ ಬೇಕಿತ್ತೇನೋ ಇದು? ಕೇಳಿದ್ಯಾ ನೀನು?"

"ಇಲ್ಲ ಕಣಕ್ಕಾ," ಅಂದ. ತಲೆ ಕೆರೆದುಕೊಂಡ. "ನಮ್ಗೆ ಕೊಟ್ಗೆ ಗೊಬ್ರಾನೇ ಜಾಸ್ತಿ ಐತೆ. ಆದ್ರೆ ಭಾವ ಇದೇ ಮೊದ್ಲು ಬಾಯ್ ಬಿಟ್ಟು ಕಳುಸ್ತೀನಿ ಅಂದಿದ್ದು. ಬೇಡ ಅಂದ್ರೆ ಬೇಜಾರ್ ಮಾಡ್ಕಳಲ್ವಾ? ಅದುಕ್ಕೇ ಹೂಂ ಅಂದೆ."

ಈ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಬೇಕಾಗಿದ್ದು ತಗೊಂಡಿದ್ದರೆ ಅದೊಂದು ಬೇರೆ. ಬೇಡದ್ದನ್ನು ಮರ್ಯಾದೆಗೆ ತಗೊಂಡು ಬೇಲಿ ಪಕ್ಕ ಸುರಿಸಿಕೊಂಡಿದ್ದಾನೆ! ನಮ್ಮ ಜನಕ್ಕೆ ಸಂಕೋಚ ಅನ್ನುವುದು ಒಂದು ರೋಗ. ಊಟ ಸಾಕು ಅನ್ನಲು ಸಂಕೋಚ, ಕಾಫಿ ಬೇಡ ಅನ್ನಲು ಸಂಕೋಚ. ಅದು ಹೋಗಲಿ ಹೊಟ್ಟೆ ಕೆಡುತ್ತದೆ ಅಷ್ಟೇ. ಇಲ್ಲಿ ಸಂಕೋಚಕ್ಕೆ ಒಂದು ಗುಡ್ಡದ ಚರ್ಮವೇ ಸುಲಿದು ಬಂದಿತ್ತು.

ನಮ್ಮವರಿಗೆ ಫೋನ್ ಹಚ್ಚಿದೆ.

"ತಲುಪ್ತಾ?" ಅಂದರು. ದನಿಯಲ್ಲಿ ಎಂಥಾ ಖುಷಿ, ಮದುವೆಯ ದಿನ ಕೂಡ ಅಷ್ಟಿರಲಿಲ್ಲ.

"ಗುಡ್ಡ ಕೆರೆಸಿದ್ರಾ?"

"ಕೆಳಗಿನರ್ಧ ಕಣೇ. ಮೇಲಿನರ್ಧ ನಾಳೆ ಅಜ್ಜಂಪುರಕ್ಕೆ ಹೋಗುತ್ತೆ, ತಂಗಿ ಮನೇಗೆ. ನಿಮ್ಮನೇಗೊಂದೇ ಕಳ್ಸಿದ್ರೆ ಅವಳೇನ್ ಅಂದ್ಕಂತಾಳೆ?"

"ಒರತೆ ನೀರು ಏನ್ರೀ ಆಗ್ಬೇಕು?"

"ಬರೀ ಎಲೆ ಕಣೇ ಅದು. ವರ್ಷಾ ವರ್ಷಾ ಉದುರುತ್ತೆ. ನಮ್ ಖಾತೆ ಜಾಗ, ಯಾರ್ನ ಕೇಳ್ಬೇಕು? ನೀನೇ ತಾನೇ ತವರಿಗೆ ಏನೂ ಕಳ್ಸಲ್ಲ ಅಂತ ಮೂದಲಿಸಿದ್ದು?"

"ಜೇನ್ ಕಳ್ಸಿ ಅಂದಿದ್ದೆ ಕಣ್ರೀ! ಬೆಟ್ಟ ಕಳ್ಸಿ ಅಂದಿದ್ನಾ?"

ಆ ಕಡೆ ಫೋನ್ ಇಟ್ಟುಬಿಟ್ಟರು. ಮೇಲಿನ ಅರ್ಧವೂ ಹೋದರೆ ಮಳೆ ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ, ಒರತೆಯೂ ಹೋಯಿತು, ಈ ನೀಲಿ ಬಾಲದ್ದೂ ಹೋಯಿತು. ಹಿಟ್ಟಿನ ಕೈ ತೊಳೆದುಕೊಂಡು, ಸಂಡಿಗೆಯನ್ನು ಚಾಪೆಯ ಮೇಲೇ ಬಿಟ್ಟು, ತಂಬಿಗೆ ಹಿಡಿದು ಬಸ್ಸಿಗೆ ಹೊರಟೆ.

ಕಡೂರಿನಲ್ಲಿ ಬಸ್ಸು ಬದಲಿಸಿದಾಗ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಳು. ಬಟ್ಟೆ ಕಟ್ಟಿದ ತಂಬಿಗೆಯನ್ನು ನಾನು ಎರಡು ಕೈಯಲ್ಲಿ ಹಿಡಿದು ಕೂತಿದ್ದು ನೋಡಿ ಕೈ ಮುಗಿದಳು.

"ತೀರ್ಥ ಏನಕ್ಕಾ? ಯಾವ ದೇವ್ರುದು?"

"ಹಾವುರಾಣಿ," ಅಂದೆ.

ಅವಳು ನಕ್ಕಳು. ಬಟ್ಟೆಯ ಕೆಳಗೆ ಏನೋ ಸರಕ್ ಅಂದಿತು. ಅವಳು ಎದ್ದು ಹೋಗಿ ಡ್ರೈವರನ ಹಿಂದೆ ನಿಂತೇ ಬೀರೂರಿನವರೆಗೆ ಬಂದಳು. ಕಂಡಕ್ಟರ್ ಬಂದು, "ಏನಮ್ಮಾ, ವಿಷದ್ ಹುಳ ತರ್ತಾರಾ ಬಸ್ಸಲ್ಲಿ? ಕಿಟ್ಕಿಯಿಂದ ಎಸೀರಿ," ಅಂದ. "ಇದುಕ್ಕೂ ಟಿಕೇಟ್ ಹರೀರಿ, ದುಡ್ ಕೊಡ್ತೀನಿ. ಎಸೆಯೋ ಮಾತು ಬೇಡ," ಅಂದೆ. ನನ್ನ ಮುಖದಲ್ಲಿ ಏನು ಕಂಡಿತೋ, ಆಮೇಲೆ ಅವನು ಆ ಕಡೆ ಬರಲಿಲ್ಲ. ಲಿಂಗದಹಳ್ಳಿಯವರೆಗೆ ಎರಡು ಜನರ ಸೀಟಿನಲ್ಲಿ ನಾವಿಬ್ಬರೇ ಬಂದೆವು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋದೆ. ಕೆಳಗಿನ ಅರ್ಧ ಗುಡ್ಡ ಬೋಳಿಸಿದ ತಲೆಯಂತಿತ್ತು. ಕೆಂಪು ಮಣ್ಣು, ಅದರ ಮೇಲೆ ಗುದ್ದಲಿ ಎಳೆದ ಗೆರೆಗಳು, ಬೆತ್ತಲೆ ಬೇರುಗಳು. ಅಲ್ಲಿಂದ ಮೇಲೆ ಇನ್ನೂ ಎಲೆ ಇತ್ತು, ಅಂಚು ಕತ್ತರಿಸಿದ ಕಂಬಳಿಯ ಹಾಗೆ. ಮೇಲಕ್ಕೆ ಹತ್ತಿ ಆ ಎಲೆಯಲ್ಲಿ ಅದನ್ನು ಬಿಡೋಣ ಅಂತ ಹೊರಟಿದ್ದೆ. ಬೇರಿಗೆ ಕಾಲು ತಾಗಿ ತಂಬಿಗೆ ಉರುಳಿತು, ಬಟ್ಟೆ ಬಿಚ್ಚಿಕೊಂಡು ಅದು ಬೋಳು ಮಣ್ಣಿನ ಮೇಲೆ ಬಿತ್ತು.

ಎಲೆಯೊಳಗೆ ನುಗ್ಗುವ ಅಭ್ಯಾಸ ಅದಕ್ಕೆ. ತಲೆಯನ್ನು ಮಣ್ಣಿಗೆ ಒತ್ತಿತು. ಮಣ್ಣು ಬಿಡಲಿಲ್ಲ. ಇನ್ನೊಂದು ಕಡೆ ಹೋಗಿ ಒತ್ತಿತು. ಹುಟ್ಟಿದ ಜಾಗದಲ್ಲೇ ಅದಕ್ಕೆ ತಲೆ ಮರೆಸಿಕೊಳ್ಳಲು ಒಂದು ಎಲೆ ಇರಲಿಲ್ಲ. ಅಷ್ಟರಲ್ಲಿ ನಮ್ಮ ಕೋಳಿ, ನಾನೇ ಕಾಳು ಹಾಕಿ ಸಾಕಿದ ಕೆಂಚು ಕೋಳಿ, ಓಡಿಬಂದು ಕುಕ್ಕಿತು. "ಥೂ ನಿನ್ ಮನೆ ಹಾಳಾಗ!" ಅಂತ ತಂಬಿಗೆಯನ್ನೇ ಎಸೆದೆ. ಕೋಳಿ ರೆಕ್ಕೆ ಬಡಿದು ಹಿಂದೆ ಸರಿಯಿತು. ಅದರ ಕೊಕ್ಕಿನಲ್ಲಿ ನೀಲಿ ಬಾಲ ಒಂದೇ ವಿಲಿವಿಲಿ ಒದ್ದಾಡುತ್ತಿತ್ತು. ಬಾಲ ಬಿಟ್ಟುಕೊಟ್ಟ ಹಾವುರಾಣಿ ಬೇರು ಹಿಡಿದು ಮೇಲಕ್ಕೆ ಓಡಿ, ಉಳಿದಿದ್ದ ಎಲೆಯೊಳಗೆ ಸರಕ್ ಅಂತ ಹೊಕ್ಕಿತು.

ನಮ್ಮವರು ಹಿಂಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

"ಒಂದ್ ಹಾವ್ರಾಣಿಗೋಸ್ಕರ ಸಂಡಿಗೆ ಬಿಟ್ ಬಂದ್ಯಾ?"

"ನಿಮ್ಮವ್ವ ಬಯಲು ಸೀಮೆ ಹುಡುಗಿ ಕೈಯಿಂದ ಪೊರಕೆ ಕಿತ್ಕೊಂಡ್ರು. ಹೆತ್ ಮಗನ ಕೈಯಿಂದ ಗುದ್ಲಿ ಕಿತ್ಕೊಳ್ಳೋಕೆ ಅವರಿಲ್ಲ. ಅದುಕ್ಕೇ ಬಂದೆ."

ಆ ರಾತ್ರಿ ನಾನು ಅನ್ನ ಬಡಿಸಿದೆ, ಅವರು ಉಂಡರು, ಅಷ್ಟೇ.

ಮರುದಿನ ಬೆಳಗ್ಗೆ ಟಿಪ್ಪರ್ ಬಂತು, ಜೊತೆಗೆ ಗುದ್ದಲಿಯ ಆಳುಗಳು. ನಾನು ಗುಡ್ಡದ ದಾರಿಗೆ ಅಡ್ಡ ಕೂತೆ. ನಮ್ಮವರು ಆಳುಗಳ ಮುಂದೆ ಮಾನ ಹೋಯಿತು ಅನ್ನುವ ಮುಖ ಮಾಡಿಕೊಂಡು, "ಏಳೇ, ತಂಗಿಗೆ ಮಾತು ಕೊಟ್ಟಿದೀನಿ," ಅಂದರು. ಮಾತು ಕೊಟ್ಟವರನ್ನೇ ಕೇಳೋಣ ಅಂತ ನಾನು ಅಲ್ಲಿ ಕೂತೇ ಅಜ್ಜಂಪುರಕ್ಕೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ನಿಂಗೆ ಗುಡ್ಡದ ಎಲೆ ಬೇಕಿತ್ತೇನೇ?" ಅಂದೆ.

"ಅಯ್ಯೋ ಅತ್ಗೆ, ನಂಗ್ಯಾಕೆ?" ಅಂದಳು ನಾದಿನಿ. "ನಮ್ದು ಎರೆ ಹೊಲ, ಈರುಳ್ಳಿ ಹಾಕೋದು. ಅಣ್ಣ ಅಷ್ಟು ಖುಷಿಯಾಗಿ ಫೋನ್ ಮಾಡ್ದ. ಬೇಡ ಅಂದ್ರೆ ನೊಂದ್ಕಂತಾನೆ ಅಂತ ಹೂಂ ಅಂದೆ." ಮತ್ತೆ ಅವಳೇ, "ಯಾವ್ ಗುಡ್ಡ ಅತ್ಗೆ? ನಮ್ ತೊಟ್ಟಿ ಮೇಲಿಂದಾ?" ಅಂದಳು. ನಾನು ಹೂಂ ಅಂದೆ. "ಬೇಡ್ವೇ ಬೇಡ ಅತ್ಗೆ," ಅಂದಳು. ಆ ತೊಟ್ಟಿಯ ನೀರು ಕುಡಿದೇ ಬೆಳೆದವಳು ಅವಳು. ನನ್ನ ತಮ್ಮನೂ ಹೀಗೇ ಹೂಂ ಅಂದಿದ್ದು ಅಂತ ನಾನು ನಮ್ಮವರಿಗೆ ಹೇಳಿದೆ.

ನಮ್ಮವರು ಗೋಡೆಯ ಕಡೆ ತಿರುಗಿ ನಿಂತರು. "ಯಾರ್ಗೂ ಬೇಡ್ವಾ?" ಅಂದರು, ಯಾರನ್ನೂ ನೋಡದೆ. ಅಷ್ಟು ಸಣ್ಣ ದನಿ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಅಯ್ಯೋ ಪಾಪ ಅನ್ನಿಸಿತು. ಕೊಡುವುದು ಗೊತ್ತಿಲ್ಲದ ಮನುಷ್ಯ ಮೊದಲ ಸಲ ಕೊಡಲು ಹೋಗಿ ಹೀಗಾಯಿತಲ್ಲ ಅಂತ ಅನ್ನಿಸಿತು. ಅನ್ನಿಸಿದ್ದಕ್ಕೇ ಇನ್ನೂ ಸಿಟ್ಟು ಬಂತು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಹಿಡಿದು ಜಾಡಿಸಬಹುದಿತ್ತು. ಇಲ್ಲಿ ಎಲ್ಲರೂ ಒಳ್ಳೆಯವರೇ, ಎಲ್ಲರೂ ಇನ್ನೊಬ್ಬರ ಮನಸ್ಸು ನೋಯಬಾರದು ಅಂದವರೇ. ಯಾರ ಕಾಲರ್ ಹಿಡಿಯಲಿ?

ಟಿಪ್ಪರ್ ಖಾಲಿ ಹೋಯಿತು. ತಮ್ಮ ಫೋನ್ ಮಾಡಿ, "ಎರಡೂ ಲೋಡ್ ವಾಪಸ್ ಕಳುಸ್ತೀನಿ ಕಣಕ್ಕಾ," ಅಂದ. ಬೆಂದುಹೋದ ಎಲೆ ತಂದು ಏನು ಮಾಡಲಿ, ನಿನ್ನ ತಲೆಗೆ ಸುರಿದುಕೋ ಅಂದೆ.

ಮಳೆ ಬಂತು. ಮೇಲಿನ ಅರ್ಧದಲ್ಲಿ ನೀರು ಎಲೆಯೊಳಗೆ ಇಳಿಯಿತು. ಕೆಳಗಿನ ಅರ್ಧದಲ್ಲಿ ಮಣ್ಣನ್ನೇ ಎಳೆದುಕೊಂಡು ತೊಟ್ಟಿಗೆ ಬಂತು. ಅಡುಗೆ ಮನೆಯ ನಲ್ಲಿ ತಿರುಗಿಸಿದರೆ ಟೀ ಬಣ್ಣದ ನೀರು. ತೊಟ್ಟಿ ಬಳಿದು ಸ್ವಚ್ಛ ಮಾಡಿದರೆ ಮಾರನೇ ಮಳೆಗೆ ಮತ್ತೆ ಅದೇ. ಮಳೆಗಾಲ ಪೂರ್ತಿ ಅನ್ನಕ್ಕೆ, ಸಾರಿಗೆ, ಕುಡಿಯುವುದಕ್ಕೆ ಹಳೆಯ ಪಂಚೆಯನ್ನು ಮಡಿಸಿ ಸೋಸಿದೆ. ಪಂಚೆ ಕಾವಿ ಬಟ್ಟೆಯಾಯಿತು.

ಹೀಗೆ ಒಂದು ದಿನ ಕೊಡದ ಮುಂದೆ ಕೂತು ಸೋಸುತ್ತಿದ್ದಾಗ ನಮ್ಮವರು ಹಿತ್ತಲಿನಿಂದ ಕೂಗಿದರು. "ಬಾರೇ ಇಲ್ಲಿ, ಬೇಗ ಬಾ!" ಹೋದೆ. ಗುಡ್ಡದಲ್ಲಿ ಎಲೆ ಮತ್ತು ಬೋಳು ಸೇರುವ ಅಂಚಿನಲ್ಲಿ ಕೂತಿತ್ತು. ತಾಮ್ರದ ಬೆನ್ನು, ಪಕ್ಕದ ಕಪ್ಪು ಗೆರೆ. ಹಿಂದೆ ಒಂದು ಮೊಂಡು ಬಾಲ, ಹೊಸದು, ಕೆಸರಿನ ಬಣ್ಣದ್ದು.

"ನೋಡು, ನಿನ್ ಹಾವ್ರಾಣಿ. ಬಾಲ ಮತ್ತೆ ಬಂದೈತೆ. ಸುಮ್ನೆ ಅಷ್ಟೊಂದ್ ಕೂಗಾಡ್ದೆ." ಆ ಬಾಲವನ್ನು ತಾವೇ ತಂದು ಅಂಟಿಸಿದ ಹಾಗೆ ಹೇಳಿದರು.

"ನೀಲಿ ಎಲ್ರೀ?" ಅಂದೆ. ಅವರು ಬಗ್ಗಿ ನೋಡಿದರು.

ಒಳಗೆ ಹೋಗಿ, ಇನ್ನೂ ಸೋಸದ ನೀರನ್ನೇ ಒಂದು ಲೋಟ ತುಂಬಿ ತಂದು ಅವರ ಕೈಗೆ ಕೊಟ್ಟೆ. ಲೋಟದೊಳಗೆ ನೋಡಿದರು. ಮಣ್ಣು ಇನ್ನೂ ಸುತ್ತುತ್ತಿತ್ತು.

"ಇದೂ ತಿಳಿ ಆಗುತ್ತೆ ಕಣೇ," ಅಂದರು ಮೆಲ್ಲಗೆ.

"ಆದ್ ದಿನ ಬಯ್ಯೋದ್ ನಿಲ್ಲಿಸ್ತೀನಿ," ಅಂದೆ.

ಅವರು ಆ ಲೋಟ ಕುಡಿದು ಮುಗಿಸಿದರು, ತಳದ ಮಣ್ಣಿನ ಸಮೇತ. ಮಳೆ ನಿಂತು ಈಗ ತಿಂಗಳಾಗುತ್ತಾ ಬಂತು. ಇವತ್ತು ಬೆಳಗ್ಗೆಯೂ ಪಂಚೆಯಲ್ಲಿ ಕೆಂಪು ಉಳಿಯಿತು, ಇವತ್ತೂ ಬಯ್ದಿದ್ದೇನೆ.